ನಾನು ‘ಎಲ್ಲಕ್ಕೂ ಹೌದು’ ಎಂದ ದಿನ

ಅಕ್ಕನ ಕುಬಸದ ಫೋಟೋಗಳ ಮಾತು ಬಂದಾಗಲೆಲ್ಲ ನಮ್ಮ ಬಳಗದಲ್ಲಿ ಒಂದೇ ಕಥೆ ಹೇಳುತ್ತಾರೆ. ಹುಡುಗ, ಅಂದರೆ ನಾನು, ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ವಿಂಡೋಸ್ ತೆಗೆದು, ಎಲ್ಲೋ ಪುಕ್ಕಟೆ ಸಿಕ್ಕ ಲಿನಕ್ಸ್ ಹಾಕಿದ, ಅದು ಫೋಟೋಗಳನ್ನೆಲ್ಲ ನುಂಗಿತು ಎಂಬುದು ಆ ಕಥೆ. ರಾಮದುರ್ಗದ ಕಾಕಾ ಇದಕ್ಕೆ ತಮ್ಮದೊಂದು ಷರಾ ಬರೆಯುತ್ತಾರೆ: ‘ಪುಕ್ಕಟ ಬಂದದ್ದು ಪುಕ್ಕಟ ಬಿಡತೈತೇನೋ?’ ಕಾಲೇಜಿನ ಮೂರು ವರ್ಷಗಳನ್ನು ಚರ್ಚಾಸ್ಪರ್ಧೆಗಳಲ್ಲೇ ಕಳೆದ ನನಗೆ ಈ ವಾದದ ತೂತುಗಳು ಚೆನ್ನಾಗಿ ಕಾಣುತ್ತವೆ. ಸಾಕ್ಷಿಯಿಲ್ಲ, ಆರೋಪಿಯನ್ನು ಯಾರೂ ವಿಚಾರಿಸಿಯೂ ಇಲ್ಲ. ಆದರೂ ಎರಡು ವರ್ಷದಿಂದ ನಾನು ಇದನ್ನು ಖಂಡಿಸಿಲ್ಲ. ಖಂಡಿಸಿದರೆ ಉಳಿಯುವ ಆರೋಪಿ ನಾನೊಬ್ಬನೇ, ಅದಕ್ಕೆ.

ಹಾಗೆ ನೋಡಿದರೆ ನಾನು ಯಾವುದಕ್ಕೂ ಸುಲಭವಾಗಿ ಹೌದು ಅನ್ನುವವನಲ್ಲ. ಅವ್ವ ‘ಊಟಕ್ಕ ಬಾ’ ಎಂದರೂ ‘ನನಗ ಹಸಿವಾಗೇತಿ ಅಂತ ಹೆಂಗ ಊಹಿಸಿದಿ?’ ಎಂದು ಕೇಳಿ, ರೊಟ್ಟಿ ತಣ್ಣಗಾಗಿಸಿಕೊಂಡು ತಿಂದವನು. ಸವದತ್ತಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ನಾನು ಗೆದ್ದ ದೊಡ್ಡ ವಾದವೆಂದರೆ ಫೋಟೋಗಳದ್ದು. ಯಾವ ಕಾರ್ಯವಾದರೂ ಅವ್ವ ಸ್ಟುಡಿಯೋದಲ್ಲಿ ಫೋಟೋ ತೊಳೆಸಿ ಮುರಗೋಡಕ್ಕೆ, ಬೈಲಹೊಂಗಲಕ್ಕೆ, ಕಿತ್ತೂರಿಗೆ ಹಂಚುತ್ತಿದ್ದಳು. ಎಲ್ಲವೂ ಕಂಪ್ಯೂಟರಿನಲ್ಲಿರುವಾಗ ಈ ಕಾಗದ ಯಾಕೆ ಎಂದು ಒಂದು ವಾರ ವಾದಿಸಿದೆ. ಅವ್ವ ಸೋತಳು, ಹಂಚುವುದನ್ನು ನಿಲ್ಲಿಸಿದಳು. ಅದಾದ ಮೇಲಿನ ಮೊದಲ ಕಾರ್ಯವೇ ಅಕ್ಕನ ಏಳನೇ ತಿಂಗಳ ಕುಬಸ, ಅಂದರೆ ಸೀಮಂತ.

ಅವತ್ತು ಅವ್ವನ ಅಕ್ಕ, ಮುರಗೋಡದ ನಮ್ಮ ದೊಡ್ಡವ್ವ ಬಂದಿದ್ದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಇಂಥ ಕಾರ್ಯಗಳಲ್ಲಿ ಆಕೆ ಅಡುಗೆಮನೆಯ ಹೊಸ್ತಿಲು ದಾಟಿ ಹೊರಗೆ ಬರುತ್ತಿರಲಿಲ್ಲ. ಅವ್ವ ಯಾರನ್ನೂ ಕೇಳಲಿಲ್ಲ. ಕೈಗೆಲ್ಲ ಕಣಕ ಮೆತ್ತಿಕೊಂಡಿದ್ದ ದೊಡ್ಡವ್ವನ ರಟ್ಟೆ ಹಿಡಿದು ಹೊರಗೆ ಕರೆತಂದು, ‘ಮೊದಲ ಉಡಿ ನೀನ ತುಂಬಬೇಕ’ ಅಂದಳು. ನೆರೆದ ಹೆಂಗಸರ ಬಳೆಯ ಸದ್ದೂ ಒಂದು ಗಳಿಗೆ ನಿಂತಿತು. ದೊಡ್ಡವ್ವ ಅಕ್ಕನ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕುತ್ತ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನು ಫೋಟೋ ಹೊಡೆದೆ. ಹೋಗುವಾಗ, ‘ತಮ್ಮಾ, ನನಗ ಅದೊಂದ ಫೋಟೋ ಕೊಡೋ’ ಎಂದಳು. ಆ ತಿಂಗಳೇ ಬೈಲಹೊಂಗಲದ ಸ್ಪರ್ಧೆಯೊಂದರಲ್ಲಿ ನಾನು ವಿಧವೆಯರ ಸಮಾನತೆಯ ಪರವಾಗಿ ಮಾತಾಡಿ ಪಾರಿತೋಷಕ ಗೆದ್ದೆ. ನಮ್ಮದೇ ಕ್ಯಾಮೆರಾದಲ್ಲಿ ಗೆಳೆಯನೊಬ್ಬ ನನ್ನ ಐವತ್ತೆಂಟು ಫೋಟೋ ತೆಗೆದ.

ಆಮೇಲೆ ನನಗೆ ಲಿನಕ್ಸಿನ ಹುಚ್ಚು ಹತ್ತಿತು. ಅದನ್ನು ಹಾಕುವ ಮೊದಲು ಫೋಟೋಗಳನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ದಾಟಿಸಬೇಕಿತ್ತು. ಅವ್ವನ ಮಾತಿನಂತೆ ಕುಬಸದ್ದು, ಭಾಷಣದ್ದು ಎಂದು ಬೇರೆ ಬೇರೆ ಫೋಲ್ಡರ್ ಮಾಡಿದ್ದೆ. ಈಗ ಎಲ್ಲವನ್ನೂ ಒಂದಕ್ಕೇ ಸುರಿಯಹೊರಟೆ. ತಾರೀಖು ನೋಡಿ ಕಂಪ್ಯೂಟರೇ ಜೋಡಿಸುವಾಗ ಮನುಷ್ಯ ಯಾಕೆ ವಿಂಗಡಿಸಬೇಕು? ಚಹಾ ಹಿಡಿದು ಬಂದ ಅವ್ವ ನನ್ನ ಬೆನ್ನ ಹಿಂದೆ ನಿಂತಳು.

‘ತೊಗರಿ, ಕಡ್ಲಿ ಒಂದ ಡಬ್ಬ್ಯಾಗ ಹಾಕ್ತಾರೇನೋ?’

‘ಅವ್ವಾ, ಇದು ಅಡಗಿಮನಿ ಅಲ್ಲ.’

ಅಷ್ಟರಲ್ಲಿ ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿತು.

‘ಏನೋ ಕೇಳಾಕ ಹತ್ತೇತಲ್ಲೋ ಅದು?’

‘ಏನಿಲ್ಲ, ಸುಮ್ನ ಹೌದೋ ಅಲ್ಲೋ ಅಂತೈತಿ.’

‘ಒಮ್ಮೆರ ಓದಪಾ.’

ಓದಲಿಲ್ಲ. ಹುಟ್ಟಿದಾಗಿನಿಂದ ‘ಅಲ್ಲ’ ಎನ್ನುತ್ತ ಬಂದವನು ಅಂದು ‘ಎಲ್ಲಕ್ಕೂ ಹೌದು’ ಒತ್ತಿದೆ. ನಮ್ಮ ಕ್ಯಾಮೆರಾ ತನ್ನ ಕಾರ್ಡ್ ಖಾಲಿಯಾದಾಗಲೆಲ್ಲ ಮತ್ತೆ ಒಂದರಿಂದ ಎಣಿಸುತ್ತದೆ. ಹಾಗಾಗಿ ಕುಬಸದ ಒಂದನೇ ಫೋಟೋಗೂ ಭಾಷಣದ ಒಂದನೇ ಫೋಟೋಗೂ ಒಂದೇ ಹೆಸರು. ಮೊದಲಿನದನ್ನು ಅಳಿಸಿ ಅದರ ಜಾಗದಲ್ಲಿ ಇದನ್ನು ಇಡಲೇ ಎಂದು ಕಂಪ್ಯೂಟರ್ ಬಹಳ ವಿನಯದಿಂದ ಕೇಳಿತ್ತು. ಕಾಪಿ ಮುಗಿದ ಮೇಲೆ ಹಳೆಯ ಡಿಸ್ಕನ್ನು ನಾನೇ ಸ್ವಚ್ಛವಾಗಿ ಅಳಿಸಿ ಲಿನಕ್ಸ್ ಹಾಕಿದೆ. ದಯವಿಟ್ಟು ಗಮನಿಸಿ, ಹೌದು ಎಂದು ಒತ್ತಿದ ಹೊತ್ತಿಗೆ ಆ ಬಡಪಾಯಿ ಲಿನಕ್ಸ್ ಇನ್ನೂ ಸಿ.ಡಿ.ಯ ಲಕೋಟೆಯೊಳಗೇ ಇತ್ತು.

ಮರುದಿನ ಅಕ್ಕ ಫೋಟೋ ನೋಡಲು ಕೂತಳು. ಕುಬಸದ್ದು ಅರವತ್ತಿರಬೇಕಿತ್ತು. ಐವತ್ತೆಂಟರಲ್ಲಿ ನಾನಿದ್ದೆ, ಮೈಕಿನ ಮುಂದೆ ಬಾಯಿ ತೆರೆದುಕೊಂಡು. ಉಳಿದವು ಎರಡೇ: ಬಾಗಿಲ ಮುಂದಿನ ಚಪ್ಪಲಿ ರಾಶಿ, ಹೋಳಿಗೆ ಬಡಿಸುತ್ತಿದ್ದ ಅವ್ವನ ಕೈ. ‘ನನ್ನ ಕುಬಸದಾಗ ನಿನ್ನ ಬಾಯಿ ಯಾಕ ಐತೋ?’ ಎಂದು ಅಕ್ಕ ಕೂಗಿದಳು. ಆಗ ಅವ್ವ ಒಳಗಿನಿಂದಲೇ, ‘ಆ ಪುಕ್ಕಟ ಸಿಸ್ಟಮ್ ತಿಂದಿರಬೇಕ ಬಿಡ’ ಎಂದಳು. ಬಳಗದ ಕಥೆ ಹುಟ್ಟಿದ್ದು ಹೀಗೆ.

ಹೆರಿಗೆಯಾದ ಮೇಲೆ ದೊಡ್ಡವ್ವ ಕೂಸು ನೋಡಲು ಬಂದಳು. ಫೋಟೋ ಕೇಳಿದಳು. ಅವ್ವ ಅದೇ ಕಥೆ ಹೇಳಿದಳು. ದೊಡ್ಡವ್ವ ಪರದೆಯ ಮೇಲಿದ್ದ ನನ್ನ ಭಾಷಣದ ಫೋಟೋ ನೋಡಿ, ‘ಇಲ್ಲೆ ಏನಂತ ಒದರಾಕ ಹತ್ತೀಯೋ?’ ಎಂದು ಕೇಳಿದಳು.

‘ನಿನ್ನಂಥಾವ್ರ ಪರವಾಗಿ, ದೊಡ್ಡವ್ವಾ. ಶುಭಕಾರ್ಯದಾಗ ಮುಂದ ನಿಲ್ಲಿಸಬೇಕ ಅಂತ.’

‘ಹೌದಾ? ಹಂಗಾರ ಇದನ್ನರ ಕೊಡು.’

ಸ್ಟುಡಿಯೋಕ್ಕೆ ಹೋಗಿ ತೊಳೆಸಿ ಕೊಟ್ಟೆ. ಮುರಗೋಡದ ಆ ಮನೆಯ ಗೋಡೆಯ ಮೇಲೆ ದೊಡ್ಡವ್ವನ ಅಳುನಗೆ ಇರಬೇಕಾದಲ್ಲಿ ಇವತ್ತಿಗೂ ನನ್ನ ತೆರೆದ ಬಾಯಿ ತೂಗುತ್ತಿದೆ. ನಾನು ಆ ಮನೆಗೆ ಹೋದಾಗ ಅದಕ್ಕೆ ಬೆನ್ನು ಮಾಡಿ ಕೂಡುತ್ತೇನೆ.

ಕಳೆದ ವಾರ ಕಾಕಾ ಬಂದು ಮತ್ತೆ ಅದೇ ಷರಾ ಒದಗಿಸಿ ಹೋದರು. ಅವ್ವ ಎಂದಿನಂತೆ ತಲೆಯಾಡಿಸಿದಳು. ಅವರು ಹೋದ ಮೇಲೆ ಅಡುಗೆಮನೆಗೆ ಹೋದೆ. ಆಕೆ ತೊಗರಿಯನ್ನು ಒಂದು ಡಬ್ಬಿಗೆ, ಕಡಲೆಯನ್ನು ಇನ್ನೊಂದಕ್ಕೆ ತುಂಬಿ ಮುಚ್ಚಳ ಒತ್ತುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

‘ಅವ್ವಾ, ಅವತ್ತ ಚಹಾ ಹಿಡಕೊಂಡ ನನ್ನ ಹಿಂದ ನಿಂತಾಕಿ ನೀನ. ನಾ ಒತ್ತಿದ್ದ ನೀ ನೋಡಿದ್ದಿ, ಹೌದಿಲ್ಲೋ?’