ಗ್ಯಾಸ್ ಒಲೆ ಬಂತು, ಹಾಲು ಉಕ್ಕಲಿಲ್ಲ

ಎಚ್ಚರ ತಪ್ಪಿ ಕೆಟ್ಟವರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅತಿ ಎಚ್ಚರದಿಂದ ಕೆಟ್ಟವನ ಕಥೆ ಮಾತ್ರ ಯಾರಿಗೂ ಬೇಡ. ಹೇಳಿಕೊಂಡರೆ ಮರುಕದ ಬದಲು ನಗು ಸಿಗುತ್ತದೆ. ಆದರೂ ಹೇಳಿಕೊಳ್ಳದೆ ನನಗೆ ವಿಧಿಯಿಲ್ಲ. ಈಚೆಗೆ ನಮ್ಮ ಹೋಟೆಲಿಗೆ ಬಂದವರೆಲ್ಲ ಒಂದು ತುತ್ತು ಇಡ್ಲಿ ಬಾಯಿಗಿಟ್ಟ ಮೇಲೆ, ಸಾವಿನ ಮನೆಗೆ ಬಂದವರ ಹಾಗೆ, ನನ್ನ ಮುಖವನ್ನೇ ನೋಡುತ್ತಾರೆ.

ನನ್ನದು ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಮೇಲೆ, ಒಂದು ಸಣ್ಣ ಹೋಟೆಲು. ಬಂಡೀಪುರದ ಗೇಟು ರಾತ್ರಿ ಮುಚ್ಚುವುದರಿಂದ ಬೆಳಗಾಗುವುದನ್ನೇ ಕಾಯುವ ಲಾರಿಗಳು ನಮ್ಮೂರಲ್ಲಿ ಸಾಲುಗಟ್ಟುತ್ತವೆ. ಆ ಡ್ರೈವರುಗಳ ಹಸಿವೇ ನಮ್ಮ ವ್ಯಾಪಾರ. ಬೋರ್ಡಿನ ಮೇಲೆ ನನ್ನ ಹೆಸರಿದ್ದರೂ ಜನ ಬರುತ್ತಿದ್ದುದು ನಾಗಮ್ಮಕ್ಕನ ಕೈರುಚಿಗೆ. ನಾಗಮ್ಮಕ್ಕ ನನ್ನ ಒಡಹುಟ್ಟಿದ ಅಕ್ಕ. ಅಪ್ಪನ ಕಾಲದಿಂದಲೂ ಸೌದೆ ಒಲೆಯ ಮುಂದೆ ನಿಂತವಳು. ನಾನು ಗಲ್ಲಾದ ಹಿಂದೆ ಕೂತು "ನಮ್ಮ ಸಾಂಬಾರು ಹೆಂಗಿದೆ?" ಎಂದು ಕೇಳಿ ಬೀಗಿದವನು. ಕೇರಳದ ಡ್ರೈವರುಗಳಂತೂ ನನ್ನ ಕಡೆ ತಿರುಗಿಯೂ ನೋಡದೆ ನೇರವಾಗಿ ಅಡಿಗೆಮನೆಗೆ ತಲೆ ಹಾಕಿ "ಚೇಚ್ಚೀ" ಎಂದು, ಅಂದರೆ ಅವರ ಭಾಷೆಯಲ್ಲಿ ಅಕ್ಕಾ ಎಂದು, ಕೂಗುತ್ತಿದ್ದರು. ಒಳಗಿನಿಂದ ಅಕ್ಕ ಅಚ್ಚ ಕನ್ನಡದಲ್ಲಿ "ಬಂದೆ ಇರ್ಲಾ" ಎನ್ನುತ್ತಿದ್ದಳು. ಅವರಿಗೆ ಹೇಗೋ ಅರ್ಥವಾಗುತ್ತಿತ್ತು.

ಹೊಗೆಯಿಂದ ಅಕ್ಕನ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಡಾಕ್ಟರು ಹೊಗೆ ಬಿಡಿ ಎಂದಿದ್ದರು. ಹಾಗಾಗಿ ಗ್ಯಾಸಿನ ದೊಡ್ಡ ಒಲೆ ಹಾಕಿಸುವುದೆಂದು ನಾನು ತೀರ್ಮಾನಿಸಿದೆ. ಅಕ್ಕನಿಗೋಸ್ಕರವೇ ಈ ಏರ್ಪಾಡು ಎಂದು ಊರಿಗೆಲ್ಲ ಹೇಳಿದೆ, ಅಕ್ಕನೊಬ್ಬಳನ್ನು ಬಿಟ್ಟು.

ಒಲೆ ಕೂರಿಸಲು ಚಾಮರಾಜನಗರದಿಂದ ಅನ್ವರ್ ಭಾಯಿ ಬಂದರು. ಅವರ ಫಿಟ್ಟಿಂಗು ಎಷ್ಟು ಗಟ್ಟಿಯೋ ಭಾಷಣವೂ ಅಷ್ಟೇ ಗಟ್ಟಿ. "ನಮ್ದು ಕೆಲಸ ಅಂದ್ರೆ ಜಿಲ್ಲೆಗೇ ಗೊತ್ತು ಅಣ್ಣಾ" ಎಂದು ಶುರು ಮಾಡಿದರೆ ಟೀ ಆರಿ ತಣ್ಣಗಾಗುತ್ತಿತ್ತು. ಸಿಲಿಂಡರುಗಳನ್ನು ಅಡಿಗೆಮನೆಯ ಒಳಗಿಡಕೂಡದೆಂದು ಹಿತ್ತಲ ಗೋಡೆಯಾಚೆ ನಿಲ್ಲಿಸಿ ಸುತ್ತ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದರು. ಅಕ್ಕ ಬಂದು ನೋಡಿ, "ಇದೇನಪ್ಪಾ, ಉಲಿ ಇಡ್ಯಕ್ಕೆ ಬೋನ್ ಮಡಗ್ದಂಗದೆ!" ಎಂದಳು. ಅಡಿಗೆಮನೆ ಗೋಡೆಯ ಬುಡದಲ್ಲಿ ಗಾಳಿಗೆಂದು ಕಿಂಡಿ ಕೊರೆದಾಗ ಇನ್ನೊಂದು ಜಗಳ. "ಈ ಗ್ಯಾಸು ಗಾಳಿಗಿಂತ ಭಾರ ಅಣ್ಣಾ. ಸೋರಿದ್ರೆ ಹೊಗೆ ಥರ ಮೇಲೆ ಹೋಗಲ್ಲ, ನೆಲದಲ್ಲೇ ಕೂತ್ಕೊಳ್ತದೆ. ಹೊರಗೆ ಹೋಗೋಕೆ ಕೆಳಗೇ ದಾರಿ ಬೇಕು" ಎಂದು ಭಾಯಿ ನನಗೆ ವಿವರಿಸಿದರು. ಆ ದಾರಿಯಲ್ಲಿ ಹೆಗ್ಗಣ ಬರುತ್ತದೆಂದು ಅಕ್ಕ ಗೋಣಿಚೀಲ ತುರುಕಿದಳು. ಭಾಯಿ ಕಿತ್ತರು. ಅಕ್ಕ ಮತ್ತೆ ತುರುಕಿದಳು. ಕೊನೆಗೆ ಕಿಂಡಿಗೆ ತಂತಿ ಬಲೆ ಬಡಿದು ಹೆಗ್ಗಣಕ್ಕೂ ಗ್ಯಾಸಿಗೂ ನ್ಯಾಯ ಒದಗಿಸಲಾಯಿತು. ಪೈಪಿನ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುವಾಗ ಅಕ್ಕ, "ಒಸ ಪೈಪ್ನ ಈಗ್ಲೇ ಯಾಕ್ಲಾ ತೊಳೀತಾವ್ನೆ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಾನು ಬಲ್ಲವನಂತೆ ನಕ್ಕೆನೇ ಹೊರತು ಉತ್ತರ ಹೇಳಲಿಲ್ಲ. ಯಾವ ವಾಲ್ವ್ ಮೊದಲು, ಯಾವುದು ಆಮೇಲೆ, ವಾಸನೆ ಬಂದರೆ ಸ್ವಿಚ್ ಮುಟ್ಟದೆ ಏನು ಮಾಡಬೇಕು, ಎಲ್ಲವನ್ನೂ ಭಾಯಿ ನನಗೇ ಹೇಳಿದರು. ಮಾಲೀಕ ನಾನಲ್ಲವೇ. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನವರು ತೂಗುವ ಹಾಗೆ ನಾನು ತಲೆದೂಗಿದೆ. ಅಕ್ಕ ನನ್ನ ಬೆನ್ನ ಹಿಂದೆ ಕರಿಬೇವು ಬಿಡಿಸುತ್ತ ನಿಂತಿದ್ದಳು.

ಹೊಸ ಒಲೆ ಎಂದ ಮೇಲೆ ಮೊದಲು ಹಾಲು ಉಕ್ಕಬೇಕು. ಶುಕ್ರವಾರ ಬೆಳಗ್ಗೆ ಅಕ್ಕ ತಲೆಗೆ ನೀರು ಹಾಕಿಕೊಂಡು, ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಪಕ್ಕದಲ್ಲೇ ದೀಪವಿಟ್ಟು, ಹಾಲಿನ ಪಾತ್ರೆ ಹಿಡಿದು ಬಂದಳು. ಭಾಯಿ ಹೌಹಾರಿದರು. "ಅಕ್ಕಾ, ಹಾಲು ಉಕ್ಕಿ ಬರ್ನರ್ ಮೇಲೆ ಬಿದ್ರೆ ಬೆಂಕಿ ಆರ್ತದೆ, ಗ್ಯಾಸ್ ಮಾತ್ರ ಬರ್ತಾನೇ ಇರ್ತದೆ. ಪಕ್ಕದಲ್ಲಿ ದೀಪ ಬೇರೆ!" ಅಕ್ಕ, "ಉಕ್ಕದೆ ಇದ್ರೆ ಒಲೆ ಶುರುವಾದಂಗಾ? ನಮ್ ಮನೇಲಿ ಯಾವ ಒಲೆ ಹಾಲುಕ್ದಲೇ ಹತ್ಕಂಡದೆ?" ಎಂದಳು. ಬಹಳ ಹೊತ್ತಿನ ಮಾತುಕತೆಯ ನಂತರ ರಾಜಿಯಾಯಿತು. ದೀಪ ಹಜಾರಕ್ಕೆ ಹೋಗುವುದು; ನಾನು ವಾಲ್ವ್ ಹಿಡಿದು ನಿಲ್ಲುವುದು; ಹಾಲು ಅಂಚು ದಾಟಿ ಒಂದಿಷ್ಟು ಚೆಲ್ಲಿದ ಕೂಡಲೇ ಆರಿಸುವುದು. ಮಗುವಿಗೂ ತಿಳಿಯುವ ಕೆಲಸ.

ಭಾಯಿ ಒಲೆ ಹಚ್ಚಿದರು, ಹಾಲು ಏರತೊಡಗಿತು. ಅಕ್ಕ ಕೈಮುಗಿದಳು. ನನ್ನ ಕಣ್ಣಿಗೆ ಹಾಲು ಕಾಣಲಿಲ್ಲ. ಹಾರಿಹೋದ ಹೆಂಚು, ಪೇಪರಿನಲ್ಲಿ ನನ್ನ ಫೋಟೋ ಕಂಡವು. ಹಾಲು ಇನ್ನೂ ಅಂಚಿಗೆ ಬೆರಳಗಲ ಕೆಳಗಿರುವಾಗಲೇ ನನ್ನ ಕೈ ತಾನೇ ತಾನಾಗಿ ವಾಲ್ವ್ ತಿರುಗಿಸಿಬಿಟ್ಟಿತು. ಉಬ್ಬಿದ ನೊರೆ ಒಂದು ಕ್ಷಣ ನಿಂತು, ನಿಟ್ಟುಸಿರು ಬಿಟ್ಟಂತೆ ಕೆಳಗಿಳಿಯಿತು.

"ಇನ್ನೊಂದ್ಸಲ ಹಚ್ಚೋಣ ಅಕ್ಕಾ" ಎಂದು ಭಾಯಿಯೇ ಅಂದರು. "ಇಳ್ದ ಹಾಲ ಮತ್ತೆ ಉಕ್ಕಿಸ್ಬಾರ್ದಪ್ಪ" ಎಂದಳು ಅಕ್ಕ. ಬೈದಿದ್ದರೆ ಚೆನ್ನಾಗಿತ್ತು. ಅದೇ ಹಾಲಿಗೆ ಡಿಕಾಕ್ಷನ್ ಬೆರೆಸಿ ಎಲ್ಲರಿಗೂ ಕಾಫಿ ಕೊಟ್ಟು, ಲೋಟ ತೊಳೆದಿಟ್ಟು, ಮನೆಗೆ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮಂಡ್ಯ ಕಡೆಯಿಂದ ಒಬ್ಬ ಅಡಿಗೆಯವನನ್ನು ತಂದೆ. ಒಲೆಯನ್ನು ಅವನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಪೈಪು ಸೋರುವುದಿಲ್ಲ, ಹೆಗ್ಗಣ ಬರುವುದಿಲ್ಲ, ಜನವೂ ಅಷ್ಟಾಗಿ ಬರುವುದಿಲ್ಲ. ಕೆಲವು ದಿನಗಳಲ್ಲಿ ತಿಳಿಯಿತು: ಅಕ್ಕ ಹಿಂದಿನ ಬೀದಿಯ ತನ್ನ ಅಂಗಳದಲ್ಲೇ ಕಲ್ಲು ಹೂಡಿ ಸೌದೆ ಒಲೆ ಹಚ್ಚಿದ್ದಾಳೆ. ಡ್ರೈವರುಗಳು ಹೊಗೆಯ ಜಾಡು ಹಿಡಿದೇ ಅಲ್ಲಿಗೆ ಹೋಗುತ್ತಾರೆ. ಗಿರಾಕಿ ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಯಾವ ಹೊಗೆಯಿಂದ ಅವಳನ್ನು ಬಿಡಿಸಲು ಇಷ್ಟೆಲ್ಲ ಮಾಡಿದೆನೋ ಅದೇ ಹೊಗೆಗೆ, ಅದೂ ಸೂರಿಲ್ಲದ ಅಂಗಳಕ್ಕೆ, ನಾನೇ ಅವಳನ್ನು ತಳ್ಳಿದೆನಲ್ಲ ಎಂದು ನೆನೆದಾಗ ಗಲ್ಲಾದಲ್ಲಿ ಎಣಿಸುತ್ತಿದ್ದ ಚಿಲ್ಲರೆಯ ಲೆಕ್ಕ ತಪ್ಪುತ್ತದೆ.

ಮೊನ್ನೆ ಧೈರ್ಯ ಮಾಡಿ ಹೋದೆ. ಅಕ್ಕನ ಕಣ್ಣು ಮೊದಲಿಗಿಂತ ಕೆಂಪಾಗಿತ್ತು. ಮಣೆ ಹಾಕಿ ತಟ್ಟೆ ಮುಂದಿಟ್ಟಳು.

"ಹಾಲು ಉಕ್ಕಲಿಲ್ಲ ಅಂತ ಇಷ್ಟು ಕ್ವಾಪವಾ ಅಕ್ಕ?" ಎಂದೆ.

"ಹಾಲಿಗಲ್ಲ ಕಣ್ಲಾ ಮಾದ. ಇಷ್ಟು ವರ್ಸ ಹಾಲು ಕಾಯ್ಸಿರೋಳು ನಾನು. ಅದು ಯಾವಾಗ ಉಕ್ತದೆ ಅಂತ ನಂಗೊತ್ತು. ಆರ್ಸಾದ್ನ ನಿನ್ ಕೈಗೆ ಕೊಟ್ರಲ್ಲ, ನನ್ ಕೈಗ್ಯಾಕ್ ಕೊಡ್ಲಿಲ್ಲ? ಒಲೆ ಬಂದು ಕೂತ್ಕತ್ತು, ಒಬ್ರಾದ್ರೂ ನನ್ ಕಡೆ ತಿರುಗಿ 'ಇದು ಇಂಗೆ ಕಣವ್ವ' ಅಂದ್ರಾ?"

ತಟ್ಟೆಯ ಇಡ್ಲಿಯನ್ನು ಪಕ್ಕಕ್ಕೆ ಸರಿಸಿದೆ. ನೀರು ಕುಡಿದು, "ಈಗ ಬಾ ಅಕ್ಕ. ಭಾಯಿನ ಕರೆಸಿ ಎಲ್ಲಾನೂ ನಿಂಗೇ ಹೇಳಿಸ್ತೀನಿ" ಎಂದೆ.

"ಅವನ್ನ್ಯಾಕೆ ಅಷ್ಟು ದೂರದಿಂದ ಕರೀತೀಯೆ? ನಿಂಗೆಲ್ಲ ಹೇಳ್ಕೊಟ್ಟವ್ನಲ್ಲ. ನೀನೇ ಹೇಳು. ಹತ್ಸಾದು ಹೆಂಗೆ? ಮೊದ್ಲು ಯಾವ್ದ್ ತಿರುಗಿಸ್ಬೇಕು?"

ನಾನು ಬಾಯಿ ತೆರೆದೆ. ಭಾಯಿಯ ಭಾಷಣ, ನನ್ನ ತಲೆದೂಗು, ಎಲ್ಲ ನೆನಪಿಗೆ ಬಂದವು. ಭಾಯಿ ಹೇಳಿದ್ದು ಏನೆಂಬುದು ಮಾತ್ರ ಬರಲಿಲ್ಲ.

"ಆರ್ಸಾದು ಗೊತ್ತು ಕಣಕ್ಕ" ಎಂದೆ.

"ಅದು ಊರಿಗೇ ಗೊತ್ತು ಬುಡು" ಎಂದು ಅಕ್ಕ ಒಲೆಗೆ ಇನ್ನೊಂದು ಸೌದೆ ತಳ್ಳಿದಳು.