ಔರಾದಿನ ಟ್ಯಾಂಕಿಗೆ ಪರದೆ ಕಟ್ಟಿದ್ದು

ನನ್ನದೊಂದು ಕೆಟ್ಟ ಚಟವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲಸ ಸರಿಯಾಗಿದೆಯೋ ಇಲ್ಲವೋ ಎನ್ನುವುದಕ್ಕಿಂತ ಮೊದಲು ಅದು ಚೆಂದ ಕಾಣುತ್ತದೆಯೋ ಎಂದು ನೋಡುವವನು ನಾನು. ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆದರೂ ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, ‘ಭಾಳ ಚಂದ ಆತು’ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಳ್ಳುತ್ತೇನೆ. ಅಷ್ಟರಲ್ಲಿ ಕ್ಯಾಲೆಂಡರು ಮೊಳೆ ಸಮೇತ ನೆಲಕ್ಕೆ ಬಿದ್ದಿರುತ್ತದೆ. ಇಂಥವನಿಗೆ ಊರಿಗೆ ಕುಡಿಯುವ ನೀರು ಕೊಡುವ ಎಂಜಿನಿಯರ್ ಕೆಲಸ ಯಾರು ಕೊಟ್ಟರೋ ಎಂದು ಹೆಂಡತಿ ಬೆರಗಾಗುತ್ತಾಳೆ. ನಾನೂ ಆಗುತ್ತೇನೆ. ಆದರೂ ದಿನಾ ಮುಂಜಾನೆ ಬೀದರಿನ ಚಿದ್ರಿಯಿಂದ ಹೊರಟು, ಜನವಾಡ ದಾಟಿ, ಬಸ್ಸಿನ ಕಿಟಕಿಗೆ ಹಣೆ ಬಡಿಸಿಕೊಳ್ಳುತ್ತ ಔರಾದಿಗೆ ಹೋಗುವುದು ತಪ್ಪಿಲ್ಲ.

ಔರಾದಿನ ಬಸ್ ನಿಲ್ದಾಣದ ಹತ್ತಿರ ಶಾಂತಾಬಾಯಿಯವರ ಚಹಾ ಹೋಟೆಲಿದೆ. ಒಂದು ದಿನ ಆಕೆ ಚಹಾದ ಕಪ್ ಹಿಡಿದುಕೊಂಡು ಸೀದಾ ನಮ್ಮ ಆಫೀಸಿಗೇ ಬಂದರು. “ಕುಡೀರಿ ಸಾಹೇಬ್ರ,” ಎಂದರು. ಕುಡಿದೆ. ಶುಂಠಿ ಇತ್ತು, ಏಲಕ್ಕಿ ಇತ್ತು, ಅವೆರಡನ್ನೂ ಪಕ್ಕಕ್ಕೆ ತಳ್ಳಿ ಬ್ಲೀಚಿಂಗ್ ಪುಡಿ ಮುಂದೆ ಬಂದಿತ್ತು. “ನನ್ನ ಚಾ ದವಾಖಾನಿ ವಾಸನಿ ಹೊಡಿಲಾಕತ್ತದ್ರಿ. ಆಚಿ ಹೋಟೆಲಿನವ ಬೋರಿನ ನೀರು ತರ್ತಾನ, ಗಿರಾಕಿ ಎಲ್ಲಾ ಅಲ್ಲೇ ಹೋಗ್ಲಾಕತ್ತಾರ. ಹಿಂಗೇ ಆದ್ರ ನಾ ಒಲಿ ಆರಿಸಿ ಮನಿಗಿ ಹೋಗಬೇಕಾಗ್ತದ.” ಆಕೆಯ ಕಣ್ಣಲ್ಲಿ ನೀರಿತ್ತು.

ತಪ್ಪು ಊರಿಗೆ ನೀರು ಬಿಡುವ ನಮ್ಮ ಟ್ಯಾಂಕಿನೊಳಗಿತ್ತು. ಅಲ್ಲಿ ಮೂರು ದಪ್ಪ ಪರದೆ ಇಳಿಬಿಟ್ಟಿರುತ್ತಾರೆ. ಒಂದರ ಎಡತುದಿಯಲ್ಲಿ ದಾರಿ, ಮುಂದಿನದಕ್ಕೆ ಬಲತುದಿಯಲ್ಲಿ, ಮತ್ತೆ ಎಡಕ್ಕೆ. ನೀರು ಹೀಗೆ ಸುತ್ತಿ ಸುತ್ತಿ ಬಂದರೆ ಬ್ಲೀಚಿಂಗ್ ಔಷಧಿ ಬೆರೆತು ತನ್ನ ಕೆಲಸ ಮಾಡಲು ಪುರಸೊತ್ತು ಸಿಗುತ್ತದೆ. ನಮ್ಮ ಪರದೆಗಳು ಹರಿದು ಚಿಂದಿಯಾಗಿದ್ದವು. ನೀರು ಒಳಗೆ ಬಂದದ್ದೇ ಹೊರಗೆ ಓಡುತ್ತಿತ್ತು. ಜನರಿಗೆ ಹೊಟ್ಟೆ ಕೆಟ್ಟೀತೆಂಬ ಭಯಕ್ಕೆ ವಾಲ್ವ್‌ಮನ್ ಬಸಪ್ಪ ಔಷಧಿಯನ್ನು ಧಾರಾಳವಾಗಿ ಸುರಿಯುತ್ತಿದ್ದ. “ಹೊಸ ಪರದೆ ಹಾಕ್ತೀವ್ರಿ. ಎರಡು ದಿನ ನಳ ಬಂದ್. ಮೂರನೇ ದಿನ ಮುಂಜಾನಿ ಚಲೋ ನೀರು ಬಿಡದಿದ್ರ ನನ್ನ ಹೆಸರು ಹಿಡದು ಬೈರಿ,” ಎಂದು ಶಾಂತಾಬಾಯಿಗೆ ಮಾತು ಕೊಟ್ಟೆ.

ನೀರಿಗೆ ಒಗ್ಗುವ ಬಟ್ಟೆ ಹೊರಗಿನಿಂದ ಬಂತು. ಹೊಲಿಯುವವರು ಬೇಕಲ್ಲ? ಭಾಲ್ಕಿಯ ರಶೀದ್ ಚಾಚಾ ಸಿಕ್ಕರು. ಅವರದು ತಲೆತಲಾಂತರದಿಂದ ಮದುವೆಯ ಶಾಮಿಯಾನ ಹೊಲಿದು ಕಟ್ಟುವ ಮನೆತನ. “ಬಾಗಲಾ ಯಾವ ಕಡಿ ಬಿಡ್ಲಿ ಸಾಬ್?” ಎಂದು ಫೋನಿನಲ್ಲಿ ಕೇಳಿದರು. ನಾನು ಬಸ್ಸಿನಲ್ಲಿದ್ದೆ. ಎರಡು ಗುಂಡಿಗಳ ನಡುವೆ “ಎಡಕ್ಕ” ಎಂದೆ, ಮುಗಿಯಿತು.

ಟ್ಯಾಂಕ್ ಖಾಲಿ ಮಾಡಿ, ತೊಳೆದು, ಎರಡನೇ ದಿನ ಮಧ್ಯಾಹ್ನ ಪರದೆ ಕಟ್ಟಿ ಮುಗಿಸಿದೆವು. ನಡುವಿನ ಪರದೆಯ ಹಳೆಯ ಕೊಂಡಿಗಳು ಮಾತ್ರ ಉಳಿದೆರಡರ ಎದುರು ಗೋಡೆಗಿದ್ದವು. “ಹಿಂದಿನವ್ರು ತಪ್ಪು ಮಾಡ್ಯಾರ” ಎಂದು ನಾನೇ ಮುಂದೆ ನಿಂತು ಹೊಸ ಕೊಂಡಿ ಹೊಡೆಸಿದ್ದೆ! ಆಹಾ, ಏನು ಚೆಂದ ಅಂತೀರಿ! ಬಿಗಿಯಾದ ನೀಲಿ ಪರದೆಗಳು, ಮೂರೂ ಬಾಗಿಲು ಒಂದೇ ಸಾಲಿಗೆ. “ಶಾದಿಗಿ ಹಿಂಗೇ ಕಟ್ತೀವಿ ಸಾಬ್. ಮದುಮಗನ ಬಾರಾತ್ ಸೀದಾ ಒಳಗ ಬರಬೇಕಲ್ಲಾ,” ಎಂದು ಚಾಚಾ ಮೀಸೆಯಲ್ಲೇ ನಕ್ಕರು. ನಾನು ಫೋಟೊ ತೆಗೆದು ಮೇಲಿನವರಿಗೂ ಕಳಿಸಿದೆ.

ನೀರು ಒಳಬರುವ ಪೈಪಿನ ಹತ್ತಿರ ನಿಂತಿದ್ದ ಬಸಪ್ಪ ತಲೆ ಕೆರೆದುಕೊಂಡ. “ಸರ, ಇಲ್ಲಿಂದ ಹೊರಗ ಹೋಗೋ ಪೈಪು ಸೀದಾ ಕಾಣ್ಲಾಕತ್ತದ. ನಮಗ ಕಂಡದ್ದು ನೀರಿಗಿ ಕಾಣಂಗಿಲ್ಲೇನ್ರಿ?”

ಟ್ಯಾಂಕಿನ ನೆಲದಲ್ಲೇ ಕೂತೆ. ಪರದೆ ಮತ್ತೆ ಭಾಲ್ಕಿಗೆ ಹೋಗಬೇಕು, ಬಿಚ್ಚಿ ಹೊಲಿಯಬೇಕು. ನಾಳೆ ಊರಿಗೆ ನೀರಿಲ್ಲ, ಶಾಂತಾಬಾಯಿಯ ಒಲೆಗೆ ಬೆಂಕಿಯಿಲ್ಲ. ಚಾಚಾ ನನ್ನನ್ನು ಕನಿಕರದಿಂದ ನೋಡಿದರು. “ಹೊಲ್ಯಾದು ಯಾಕ ಸಾಬ್? ನಡುವಿಂದು ಬಿಚ್ಚಿ ಹಿಂದುಮುಂದು ತಿರುಗಿಸಿ ಕಟ್ಟಿದ್ರ ಆತು. ಬಾಗಲಾ ಬಲಕ್ಕ ಬರ್ತದ.”

“ಆದ್ರ ಹೊಲಿಗಿ ಈ ಕಡಿ ಕಾಣ್ತದಲ್ಲ ಚಾಚಾ?” ದೇವರಾಣೆ, ಈ ಮಾತು ನನ್ನ ಬಾಯಿಂದಲೇ ಬಂತು.

“ನೀರೊಳಗ ಯಾರ್ ನೋಡ್ತಾರ್ ಸಾಬ್? ಮೀನ್ ಭೀ ಇಲ್ಲ!”

ತಿರುಗಿಸಿದೆವು. ಹಿಂದಿನವರ ಕೊಂಡಿಗಳಿಗೇ ಸಿಕ್ಕಿಸಿದೆವು. ಹೊತ್ತು ಮುಳುಗುವ ಮೊದಲೇ ನೀರು ತುಂಬಲಾರಂಭಿಸಿತು. ಬಸಪ್ಪ ಈ ಸಲ ಔಷಧಿಯನ್ನು ಅಳತೆಯಷ್ಟೇ ಹಾಕಿದ.

ಮೂರನೇ ದಿನ ಮುಂಜಾನೆ ನಳಕ್ಕೆ ನೀರು ಬಂತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಂತಾಬಾಯಿಯ ಹೋಟೆಲಿಗೆ ಹೋದೆ. ಜನ ತುಂಬಿದ್ದರು. ಚಹಾ ಕುಡಿದೆ; ಶುಂಠಿ, ಏಲಕ್ಕಿ, ಬೇರೇನೂ ಇಲ್ಲ. ಆಕೆ ಏನಾದರೂ ಹೇಳಿಯಾರೆಂದು ಕಾದೆ. ತಡೆಯಲಾಗದೆ ಕೇಳಿದೆ: “ನೀರು ಹ್ಯಾಂಗ ಅದ್ರಿ?”

ಆಕೆ ತಲೆ ಎತ್ತದೆ ಚಹಾ ಸೋಸುತ್ತಲೇ, “ನೀರು ಹ್ಯಾಂಗಿರ್ತದ್ರಿ? ನೀರಿನಂಗೇ ಅದ. ಜರಾ ಸರೀರಿ ಸಾಹೇಬ್ರ, ಗಿರಾಕಿ ನಿಂತಾರ,” ಎಂದರು.

ಸರಿದು ನಿಂತೆ. ಖುಷಿ ತಡೆಯಲಾರದೆ ಇನ್ನೊಂದು ಚಹಾ ಹೇಳಿದೆ. ನನ್ನ ಮುಂದೆ ಆರು ಜನರಿದ್ದರು. ನೀರು ಬಿಟ್ಟವನೆಂದು ಒಬ್ಬರೂ ದಾರಿ ಬಿಡಲಿಲ್ಲ.