ಈಜಿಗೆ ನಾನು ಬರೆದ ಹದಿನೇಳು ನಿಯಮಗಳು

ಕಾಗದದ ಮೇಲೆ ಬರೆದಿಟ್ಟರೆ ಮಾತ್ರ ಅದು ನ್ಯಾಯ, ಉಳಿದದ್ದೆಲ್ಲ ಬರಿಯ ಅಭಿಪ್ರಾಯ ಎಂದು ಹದಿನೇಳನೆಯ ವಯಸ್ಸಿನಲ್ಲಿ ನಾನು ಖಚಿತವಾಗಿ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಗುಲಬರ್ಗದಲ್ಲಿ ಮೆಟ್ರಿಕ್ ಓದುವಾಗ ಚರ್ಚಾಸ್ಪರ್ಧೆಯಲ್ಲಿ ನನಗೆ ಪದಕ ಬಂದಿತ್ತು. ಅದೇ ವರ್ಷ ಗಣಿತದಲ್ಲಿ ನಪಾಸಾದದ್ದೂ ನಿಜ. ಆದರೆ ಪದಕವನ್ನು ಗೋಡೆಗೆ ತೂಗುಹಾಕಬಹುದು, ಗಣಿತವನ್ನು ಯಾರೂ ತೂಗುಹಾಕುವುದಿಲ್ಲ. ಹೀಗಾಗಿ ಮತ್ತೆ ಪರೀಕ್ಷೆಗೆ ಕೂರುವವರೆಗೆ ಒಂದು ವರ್ಷ ನಾನು ಊರಲ್ಲೇ ಉಳಿಯಬೇಕಾಯಿತು. ಊರಿನ ದುರದೃಷ್ಟ ಅಲ್ಲಿಂದ ಶುರುವಾಯಿತು.

ಗಂಗಾವತಿ ತಾಲೂಕಿನ ಹೊಳೆದಂಡೆಯ ಊರು ನಮ್ಮದು. ಈಚೆ ದಂಡೆ ನಿಜಾಮ ಸರ್ಕಾರದ್ದು, ಆಚೆ ದಂಡೆ ಇಂಗ್ರೇಜಿಯವರದು, ನಡುವಿನ ನೀರು ಅಂಬಿಗರದ್ದು. ಪ್ರತಿವರ್ಷ ಹದಿನೆಂಟು ವರ್ಷದೊಳಗಿನ ಹುಡುಗರಲ್ಲಿ ಒಬ್ಬನನ್ನು ವರ್ಷದ ಮೊದಲನೇ ಈಜುಗಾರ ಎಂದು ಆರಿಸಿ ಊರ ವಾಚನಾಲಯದವರು ಬೆಳ್ಳಿಯ ಕಡಗ ತೊಡಿಸುತ್ತಿದ್ದರು. ಆರಿಸುವವನು ಅಂಬಿಗರ ಹನುಮಜ್ಜ. ಅವನು ದಂಡೆಯ ಬಂಡೆಯ ಮೇಲೆ ಕೂತು ವರ್ಷವಿಡೀ ಹುಡುಗರು ಈಜುವುದನ್ನು ನೋಡುತ್ತಿದ್ದ. ಕೊನೆಗೊಂದು ದಿನ ಬೀಡಿ ಆರಿಸಿ ಒಂದು ಹೆಸರು ಹೇಳುತ್ತಿದ್ದ. ಮುಗಿಯಿತು. ನೋಂದಣಿ ಇಲ್ಲ, ನಂಬರು ಇಲ್ಲ, ತಕರಾರಿಗೆ ಅವಕಾಶವೂ ಇಲ್ಲ.

ಈ ಪದ್ಧತಿಯಲ್ಲಿ ಒಂದು ದೊಡ್ಡ ಅನ್ಯಾಯವಿತ್ತು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಈಜುವವನು ನನ್ನ ಗೆಳೆಯ ದುರ್ಗಪ್ಪ. ಅವನು ಹನುಮಜ್ಜನ ಸ್ವಂತ ಮೊಮ್ಮಗ. ಮೊಮ್ಮಗನ ಹೆಸರು ಹೇಳಿದರೆ ಊರು ಆಡಿಕೊಂಡೀತೆಂಬ ಅಂಜಿಕೆಗೆ ಅಜ್ಜ ಮೂರು ವರ್ಷದಿಂದ ಎರಡನೆಯವನಾದ ಗೌಡರ ಮನೆಯ ಬಸನಗೌಡನಿಗೇ ಕಡಗ ಕೊಡಿಸುತ್ತಿದ್ದ. ಕಡಗವಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆ ವರ್ಷ ಗುಲಬರ್ಗದಲ್ಲಿ ನೆಲೆಸಿದ್ದ ನಮ್ಮೂರ ವ್ಯಾಪಾರಿಯೊಬ್ಬರು, ಮೊದಲನೇ ಈಜುಗಾರನಿಗೆ ತಮ್ಮ ಬೋರ್ಡಿಂಗಿನಲ್ಲಿ ಮೂರು ವರ್ಷ ಊಟ ವಸತಿ ಕೊಟ್ಟು ಓದಿಸುವುದಾಗಿ ಪತ್ರ ಬರೆದರು. ದುರ್ಗಪ್ಪ ಮಿಡ್ಲ್ ಸ್ಕೂಲು ಪಾಸಾಗಿ ಹರಿಗೋಲು ನಡೆಸುತ್ತಿದ್ದ. ಮುಂದೆ ಓದಬೇಕೆಂಬ ಆಸೆ ಅವನಿಗೆ ಬಹಳ. ಮುಂದಿನ ಸಲಕ್ಕೆ ಹೈಸ್ಕೂಲಿನ ವಯಸ್ಸು ಮೀರುತ್ತಿತ್ತು. ಸಿಕ್ಕರೆ ಇದೇ ಸಲ, ಇಲ್ಲದಿದ್ದರೆ ಇಲ್ಲ.

ನಾನು ಗೆಳೆಯನನ್ನು ಉದ್ಧರಿಸಲು ತೀರ್ಮಾನಿಸಿದೆ. ಮೂರು ದಿನ ಕೂತು ಹದಿನೇಳು ನಿಯಮ ಬರೆದೆ.

ವಾಚನಾಲಯದ ಅಧ್ಯಕ್ಷರು ಬಟ್ಟೆ ಅಂಗಡಿಯ ಶರಣಪ್ಪನವರು, ನನ್ನ ಸೋದರಮಾವ. ಸಭೆ ಸೇರಿಸಿದರು. ನಾನು ಎದ್ದುನಿಂತು ಹನುಮಜ್ಜನನ್ನು ಪಾಟೀಸವಾಲಿಗೆ ಗುರಿಮಾಡಿದೆ.

"ಅಜ್ಜಾ, ಹೋದ ವರ್ಷ ಬಸನಗೌಡ ಮೊದಲು ಅಂತ ಯಾವ ಆಧಾರದ ಮ್ಯಾಲೆ ಹೇಳಿದಿ?"

"ನೋಡಿ ಹೇಳಿದೆ."

"ಏನು ನೋಡಿದಿ?"

"ಈಜೂದು ನೋಡಿದ್ನೆಪಾ. ಮತ್ತ ಅವನ ಜಾತಕ ನೋಡ್ಬೇಕಿತ್ತೇನು?"

ಸಭೆ ನಕ್ಕಿತು. ನಗುವ ಸಭೆಯನ್ನು ಹೇಗೆ ಪಳಗಿಸಬೇಕೆಂದು ನನಗೆ ಗುಲಬರ್ಗದಲ್ಲಿ ಕಲಿಸಿದ್ದರು. ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದೆ.

"ಇಬ್ಬರು ಒಮ್ಮಿಗೇ ದಂಡಿ ಮುಟ್ಟಿದ್ರ, ಅದರಾಗ ಯಾರು ಮೊದಲು?"

"ದಂಡಿ ಮುಟ್ಟಿದ ಮ್ಯಾಲೆ ಯಾವ ಹುಡುಗ ಹಿಂದಕ್ಕ ಹೊಳ್ಳಿ, ಉಳದಾವ್ರು ಬಂದ್ರೋ ಇಲ್ಲೋ ಅಂತ ನೋಡ್ತಾನ, ಅವ ಮೊದಲು."

"ಹಿಂದಕ್ಕ ಹೊಳ್ಳಿ ನೋಡೂದಕ್ಕ ಎಷ್ಟು ನಂಬರು?"

"ಅದಕ್ಕ ನಂಬರ ಇರಂಗಿಲ್ಲ, ತಮ್ಮಾ."

"ನಂಬರು ಇಲ್ಲದ್ದು ಪ್ರಮಾಣ ಅಲ್ಲ," ಎಂದು ನಾನು ಕೂತೆ. ಚಪ್ಪಾಳೆ ಬಿದ್ದವು. ಮಾವ ಪಕ್ಕದವರಿಗೆ, "ಹುಡುಗ ವಕೀಲ ಆಗ್ತಾನ ನೋಡ್ರಿ," ಎಂದರು. ಹನುಮಜ್ಜ ಎದ್ದು ಹೆಗಲ ಮೇಲಿನ ಪಂಜೆ ಕೊಡವಿ ಹೊರಟುಹೋದ. ಸೋತವರು ಹಾಗೆಯೇ ಹೋಗುವುದು ಎಂದುಕೊಂಡೆ.

ನಿಯಮಗಳು ಸರ್ವಾನುಮತದಿಂದ ಅಂಗೀಕಾರವಾದವು. ವರ್ಷಕ್ಕೆ ಹನ್ನೆರಡು ಸ್ಪರ್ಧೆ. ಮೊದಲು ಬಂದವನಿಗೆ ಐದು ನಂಬರು, ಎರಡನೆಯವನಿಗೆ ಮೂರು, ಮೂರನೆಯವನಿಗೆ ಎರಡು. ಹಾಜರಾದವರಿಗೆಲ್ಲ ಮೇಲೊಂದು. ಗೈರುಹಾಜರಾದರೆ ಒಂದು ಕಡಿತ. ಈ ಕಡಿತವನ್ನು ನಾನು ಹಾಕಿದ್ದು ಬಸನಗೌಡನಿಗಾಗಿ. ಅವನು ಮಹಾ ಸೋಮಾರಿ. ಏಳನೆಯ ನಿಯಮದಂತೆ ಹರಿಯುವ ನೀರಿನಲ್ಲಿ ದೂರ ಅಳೆಯಲು ಬಾರದ್ದರಿಂದ ಹೊಳೆಯ ಈಜು ಗಣನೆಗಿಲ್ಲ, ಊರ ಹೊಂಡದ ಈಜು ಮಾತ್ರ ಈಜು. ಪಕ್ಷಪಾತಕ್ಕೆ ಎಡೆಯಾಗಬಾರದೆಂದು ವರ್ಷ ಮುಗಿಯುವವರೆಗೆ ನಂಬರುಗಳನ್ನು ಕೂಡಿಸತಕ್ಕದ್ದಲ್ಲ. ಸ್ಪರ್ಧಿಗಳೇ ಇಲ್ಲದ ಸ್ಪರ್ಧೆ ರದ್ದಾಗುತ್ತದೆ, ಒಂದು ರದ್ದಾದರೂ ಇಡೀ ವರ್ಷದ ಪಟ್ಟಿ ರದ್ದು. ಕಾರ್ಯದರ್ಶಿ ನಾನೇ.

ಸ್ಪರ್ಧೆಯ ದಿನ ಯಾವುದು? ಅದನ್ನೂ ತರ್ಕದಿಂದಲೇ ನಿಶ್ಚಯಿಸಿದೆ. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಎತ್ತು ಹೂಡುವುದಿಲ್ಲ, ಅಂಗಡಿ ಅರ್ಧ ಬಾಗಿಲು. ಊರಿಗೆ ಊರೇ ಬಿಡುವಾಗಿರುತ್ತದೆ. ಆದ್ದರಿಂದ ಅಮಾವಾಸ್ಯೆ.

ಊರೆಲ್ಲ ಬಿಡುವಾದ ದಿನ ಆಚೆ ದಂಡೆಯ ಗುಡಿಗಳಿಗೆ ಹೋಗುತ್ತದೆ, ಹೋಗುವುದು ಹರಿಗೋಲಿನಲ್ಲಿ, ಹರಿಗೋಲು ನಡೆಸುವವನು ದುರ್ಗಪ್ಪ. ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲ.

ದುರ್ಗಪ್ಪ ಬಂದು ಹೇಳಿದ. "ಲೇ ಈರ್ಯಾ, ಅಮಾಸಿ ದಿನ ಹರಗೋಲ ಬಿಟ್ಟು ಬರಾಕ ಆಗಂಗಿಲ್ಲಲೇ. ಅಜ್ಜಗ ಈಗ ಹುಟ್ಟು ಹಿಡಿಯಾಕ ಕೈ ಬರವಲ್ದು."

"ನೀ ಮೂರು ಸಲ ಬಂದ್ರೂ ಸಾಕಲೇ. ನೀ ಬಂದಲ್ಲೆ ನೀನ ಮೊದಲು. ಯಾರ ಮುಟ್ತಾರ ನಿನ್ನ?"

"ಲೆಕ್ಕ ಹಾಕಿ ನೋಡಿಯೇನು?"

"ನನಗ ಲೆಕ್ಕ ಕಲಸ್ತಿಯೇನು?" ಎಂದೆ. ಗಣಿತದಲ್ಲಿ ನಪಾಸಾದವನಿಗೆ ಆ ಮಾತನ್ನಾಡುವ ಹಕ್ಕು ಹೇಗೆ ಬಂತೆಂದು ಅವನು ಕೇಳಲಿಲ್ಲ. ಗೆಳೆಯನಲ್ಲವೇ.

ನಾನು ಹೇಳಿದ ಹಾಗೆ ಅವನು ಮೂರು ಸಲ ಬಂದ. ಮೂರು ಸಲವೂ ಉಳಿದವರು ಹೊಂಡದ ನಡುವೆ ಕೈಕಾಲು ಬಡಿಯುತ್ತಿರುವಾಗ ಅವನು ಆಚೆ ಮೆಟ್ಟಿಲ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದ. ನಾನೂ ಇಳಿಯುತ್ತಿದ್ದೆ. ಸ್ಪರ್ಧಿಗಳ ಸಂಖ್ಯೆ ಶೋಭಿಸಲಿ ಎಂದು ಕಾರ್ಯದರ್ಶಿ ತನ್ನ ಹೆಸರನ್ನೂ ಬರೆದುಕೊಂಡಿದ್ದ. ನನ್ನ ಈಜನ್ನು ನೋಡಿದವರು ಅದನ್ನು ಈಜು ಎಂದು ಕರೆಯಲು ಸ್ವಲ್ಪ ಯೋಚಿಸುತ್ತಿದ್ದರು.

ಚಳಿಗಾಲ ಬಂತು. ಹೊಂಡದ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಬಸನಗೌಡ ಮೂಗು ಸೋರುತ್ತದೆಂದು ಹೇಳಿಕಳಿಸಿದ. ಉಳಿದವರು ಹೇಳಿಯೂ ಕಳಿಸಲಿಲ್ಲ. ಸ್ಪರ್ಧೆ ರದ್ದಾದರೆ ಪಟ್ಟಿಯೇ ರದ್ದು, ಪಟ್ಟಿ ಹೋದರೆ ದುರ್ಗಪ್ಪನ ಬೋರ್ಡಿಂಗೂ ಹೋಯಿತು. ನಾನು ಹಲ್ಲು ಕಡಿದು ಒಬ್ಬನೇ ಇಳಿದೆ. ನಾಯಿಯ ಹಾಗೆ ನೀರು ಬಡಿಯುತ್ತ ಆಚೆ ಮುಟ್ಟಿ, ಒದ್ದೆ ಕೈಯಿಂದಲೇ ನೋಂದಣಿ ಪುಸ್ತಕದಲ್ಲಿ ಬರೆದೆ: ಪ್ರಥಮ, ಈರಣ್ಣ. ಹೀಗೆ ನಾಲ್ಕು ಅಮಾವಾಸ್ಯೆ. ನೀರಿಗೆ ಕೊಡ ತಂದ ಹೆಂಗಸರು, "ಪಾಪ, ಓದಿ ಓದಿ ಹಿಂಗಾಗ್ಯಾನ," ಎಂದು ಹೋದರು. ಗೆಳೆತನಕ್ಕಾಗಿ ಇಷ್ಟು ಕಷ್ಟಪಟ್ಟವರು ಬೇರೆ ಯಾರಿದ್ದಾರೆ ಎಂದು ನನಗೇ ಹೆಮ್ಮೆಯಾಗಿತ್ತು.

ಶ್ರಾವಣದ ಅಮಾವಾಸ್ಯೆಯಂದು ಹೊಳೆ ತುಂಬಿ ಹರಿಯುತ್ತಿತ್ತು. ಹೊಂಡದಲ್ಲಿ ನಾವು ನಾಲ್ಕು ಜನ. ನಾನು ಹಾಜರಿ ಬರೆಯುತ್ತಿದ್ದೆ. ದುರ್ಗಪ್ಪ, ಗೈರುಹಾಜರು, ಒಂದು ಕಡಿತ. ಶಾಯಿ ಆರುವ ಮೊದಲೇ ದಂಡೆಯ ಕಡೆಯಿಂದ ಕೂಗು ಕೇಳಿತು. ಹರಿಗೋಲು ಬಂಡೆಗೆ ತಾಗಿ ಮಗುಚಿತ್ತು. ನಾವು ಓಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐದು ಜನರನ್ನು ಒಬ್ಬೊಬ್ಬರನ್ನಾಗಿ ಎಳೆದು ತಂದು ದುರ್ಗಪ್ಪ ಮಳಲ ಮೇಲೆ ಅಂಗಾತ ಮಲಗಿದ್ದ. ಐವರಲ್ಲೊಬ್ಬರು ನನ್ನ ಸೋದರಮಾವ. ಬಂಡೆಗೆ ಒರಗಿ ಕೂತು, ಕುಡಿದ ಹೊಳೆಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿಸುತ್ತಿದ್ದರು.

ದುರ್ಗಪ್ಪ ಕಣ್ಣು ತೆರೆದು ನನ್ನನ್ನು ಕಂಡ. "ಇದನ್ನೂ ಬರಕೋತಿಯೇನಲೇ?"

"ಹೊಳಿ ಈಜು ಬರಂಗಿಲ್ಲಲೇ. ಏಳನೇ ನಿಯಮ."

"ಹಂಗಾರ ನಿಮ್ಮ ಮಾಮಾಗ ಹೊಂಡದಾಗ ಮುಳಗ್ರಿ ಅಂತ ಹೇಳಬೇಕಿತ್ತು," ಎಂದು ನಕ್ಕ. ನಾನೂ ನಕ್ಕೆ. ಆಗ ಅದು ನಗುವ ಮಾತಿನ ಹಾಗೆಯೇ ಇತ್ತು.

ವರ್ಷ ಮುಗಿಯಿತು. ವಾಚನಾಲಯದಲ್ಲಿ ಎಲ್ಲರೆದುರು ನೋಂದಣಿ ಪುಸ್ತಕ ತೆರೆದು ಕೂಡಿಸಿದೆ. ದುರ್ಗಪ್ಪನಿಗೆ ಮೂರು ಸಲದ್ದು ಹದಿನೆಂಟು, ಒಂಬತ್ತು ಕಡಿತ ಕಳೆದು ಒಂಬತ್ತು. ಬಸನಗೌಡನಿಗೆ ಇಪ್ಪತ್ನಾಲ್ಕು. ಈರಣ್ಣನಿಗೆ ಮೂವತ್ತೆಂಟು.

ಮತ್ತೊಮ್ಮೆ ಕೂಡಿಸಿದೆ. ಮೇಲಿನಿಂದ ಕೂಡಿಸಿದೆ, ಕೆಳಗಿನಿಂದ ಕೂಡಿಸಿದೆ. ಜೀವನದಲ್ಲಿ ಮೊದಲ ಸಲ ನನ್ನ ಲೆಕ್ಕ ಸರಿಬಂದಿತ್ತು.

ಆ ದಿನ ನಾನು ಮಾಡಿದಂಥ ವಾದವನ್ನು ಅದಕ್ಕೂ ಮುಂಚೆ ಮಾಡಿರಲಿಲ್ಲ, ಆಮೇಲೆಯೂ ಮಾಡಿಲ್ಲ. ನನ್ನ ನಿಯಮಗಳು ಮೂರ್ಖತನದವು, ಅವನ್ನು ಬರೆದವನು ಮೂರ್ಖ, ಒಪ್ಪಿದವರು ಅವನಿಗಿಂತ ಸ್ವಲ್ಪ ಹೆಚ್ಚು ಎಂದು ಸಾಧಿಸಿದೆ. ಕೊನೆಗೆ ಮಾವನ ಕಡೆ ತಿರುಗಿದೆ.

"ಮಾಮಾ, ನೀವು ಇಲ್ಲಿ ಕುಂತೀರಿ ಅಂದ್ರ ಅವ ಈಜಿದ್ದಕ್ಕ ಕುಂತೀರಿ. ಇದಕ್ಕಿಂತ ದೊಡ್ಡ ಪ್ರಮಾಣ ಬೇಕೇನ್ರಿ?"

ಮಾವ ಕನ್ನಡಕ ಏರಿಸಿ, ನನ್ನದೇ ದುಂಡನೆಯ ಅಕ್ಷರವನ್ನು ನಿಧಾನವಾಗಿ ಓದಿದರು. "ಹನ್ನೊಂದನೇ ನಿಯಮ. ಉಪಕಾರ, ಕರುಣೆ, ನೆಂಟಸ್ತನ ಇವನ್ನು ನಂಬರಿನೊಳಗೆ ಬೆರೆಸತಕ್ಕದ್ದಲ್ಲ. ಹುಡುಗ ನನ್ನ ಜೀವ ಉಳಿಸ್ಯಾನ. ಅದಕ್ಕ ಧೋತರ, ಪಟಗಾ ಕೊಟ್ಟು ಮರ್ಯಾದಿ ಮಾಡೀನಿ. ಅದು ಬ್ಯಾರೆ, ಇದು ಬ್ಯಾರೆ. ಹಂಗಂತ ನೀನ ಬರದೀಯಪಾ."

"ನಿಯಮ ತಿದ್ರಿ ಹಂಗಾರ."

"ಹದಿನೈದನೇದು. ತಿದ್ದುಪಡಿ ಮುಂದಿನ ವರ್ಷದಿಂದ ಮಾತ್ರ."

"ನನಗ ಬ್ಯಾಡ. ನಾ ದುರ್ಗಪ್ಪಗ ಬಿಟ್ಟುಕೊಡ್ತೀನಿ."

ಮಾವ ಹಾಳೆ ತಿರುವಿದರು. ಗೌಡರ ಕಡೆಯವರು ಯಾರನ್ನಾದರೂ ಹೆದರಿಸಿ ಬಹುಮಾನ ಬಿಡಿಸಿಕೊಂಡಾರೆಂದು ನಾನೇ ಹಾಕಿದ್ದ ಬೀಗ ಅಲ್ಲಿತ್ತು. ಹದಿನಾರನೆಯ ನಿಯಮ: ಬಹುಮಾನವನ್ನು ಪರರಿಗೆ ಬಿಟ್ಟುಕೊಡತಕ್ಕದ್ದಲ್ಲ, ಬೇಡವೆಂದರೆ ಆ ವರ್ಷದ್ದು ರದ್ದು.

"ಭಾಳ ಛಲೋ ಬರದಿದ್ದಿ. ಎಲ್ಲೂ ಸಂದಿ ಬಿಟ್ಟಿಲ್ಲ," ಎಂದರು ಮಾವ. ವ್ಯಂಗ್ಯವಾಗಿ ಹೇಳಲಿಲ್ಲ. ಮನಸಾರೆ ಮೆಚ್ಚಿ ಹೇಳಿದರು.

ಹನುಮಜ್ಜ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ನಾನು ಅವನ ಮುಂದೆ ನಿಂತೆ.

"ಅಜ್ಜಾ, ನೀ ಈ ವರ್ಷವೂ ಬಸನಗೌಡನ್ನ ಹೇಳ್ತಿದ್ದಿ. ಅದಕ್ಕ ನಾ..."

"ಇಲ್ಲ ತಮ್ಮಾ. ಸಾಲಿ ವಿಷಯ ಐತಿ, ಊರ ಏನರ ಅನ್ನಲಿ, ಈ ವರ್ಷ ನಮ್ಮ ದುರ್ಗ್ಯಾನ ಹೆಸರ ಹೇಳಬೇಕಂತ ಮನಸ ಗಟ್ಟಿ ಮಾಡಿದ್ದೆ. ಅದನ್ನ ಅವತ್ತ ಎಲ್ಲಾರ ಮುಂದ ಹೇಳೂಣಂತ ಸಭಾಕ್ಕ ಬಂದಿದ್ದೆ. ಅಷ್ಟರಾಗ ನೀ ಎದ್ದು ನಿಂತಿ."

ಮನೆಗೆ ಬಂದು ಅಪ್ಪನಿಗೆ, ನಾನು ಬಹುಮಾನ ಬೇಡವೆನ್ನುತ್ತೇನೆ ಎಂದೆ. ಅಪ್ಪ ಎಲೆ ಅಡಿಕೆ ಮೆಲ್ಲುತ್ತಲೇ ಕೇಳಿದರು. "ನೀ ಬ್ಯಾಡ ಅಂದ್ರ ಅವಗ ಸಿಗತೈತೇನು?"

"ಇಲ್ಲ. ರದ್ದಾಗತೈತಿ."

"ಮತ್ತ ರದ್ದು ಮಾಡಿ ಏನ ಉಣ್ತಿ? ನಿನಗೂ ಇಲ್ಲ, ಅವಗೂ ಇಲ್ಲ. ಹ್ಯಾಂಗೂ ಗುಲಬರ್ಗಾಕ್ಕ ಹೋಗಾಂವ ಇದ್ದಿ. ಹೋಗು."

ಇದಕ್ಕೆ ಪ್ರತಿವಾದವಿತ್ತು. ನನಗೆ ಗೊತ್ತಿತ್ತು. ಎರಡು ವಾಕ್ಯಗಳಲ್ಲಿ ಹೇಳಬಹುದಾಗಿತ್ತು. ಊರಿನ ಬಾಯಿ ಮುಚ್ಚಿಸಿದ ನಾನು ಅಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಟ್ರಂಕು ತುಂಬತೊಡಗಿದೆ. ಬೆಳ್ಳಿಯ ಕಡಗ ನನ್ನ ಕೈಗೆ ದೊಡ್ಡದಾಗಿ ಜಾರುತ್ತಿತ್ತು. ಅಮ್ಮ ಅದಕ್ಕೆ ದಾರ ಸುತ್ತಿಕೊಟ್ಟಳು.

ಗಣಿತದಲ್ಲಿಯೂ ಹೇಗೋ ಪಾಸಾಗಿದ್ದೆ. ಹೊರಡುವ ದಿನ ಹೊಳೆ ದಾಟಿ ಹೊಸಪೇಟೆಯ ರೈಲು ಹಿಡಿಯಬೇಕಿತ್ತು. ದಾಟಿಸುವವರು ಬೇರೆ ಯಾರೂ ಇರಲಿಲ್ಲ. ದುರ್ಗಪ್ಪ ಟ್ರಂಕನ್ನು ಎತ್ತಿ ಹರಿಗೋಲಿನಲ್ಲಿ ಇಟ್ಟು, "ನಡುವ ಕುಂದರ್ರಿ ಈರಣ್ಣಾರ," ಎಂದ.

"ಏನಲೇ, ನನಗ 'ರಿ' ಹಚ್ಚಿ ಮಾತಾಡ್ತಿ?"

"ಕಾಲೇಜಿಗೆ ಹೊಂಟೀರಲ್ರಿ," ಎಂದು ಹುಟ್ಟು ಹಾಕಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ವಾದ ಹೂಡುತ್ತಿದ್ದೆ.

ನಡುಹೊಳೆಯವರೆಗೆ ತಡೆದೆ. ಆಮೇಲೆ ತಡೆಯಲಾಗಲಿಲ್ಲ. ಬೋರ್ಡಿಂಗಿನ ಯಜಮಾನರ ಮುಂದೆ ನಿನ್ನ ವಿಷಯ ಎತ್ತುತ್ತೇನೆ, ವಯಸ್ಸಿನ ನಿಬಂಧನೆಗೆ ಆಧಾರವೇನೆಂದು ಕೇಳುತ್ತೇನೆ, ಮೊದಲು ಅರ್ಜಿ, ಅದಕ್ಕೆ ಬಗ್ಗದಿದ್ದರೆ ಎರಡನೇ ಅರ್ಜಿ ಎಂದು ಎದ್ದುನಿಂತು ಕೈ ಬೀಸಿ ವಿವರಿಸತೊಡಗಿದೆ.

"ಬ್ಯಾಡ್ರಿ," ಎಂದ ದುರ್ಗಪ್ಪ. "ನನ್ನ ಪರವಾಗಿ ನೀವು ಮಾತಾಡಿದ್ದು ಸಾಕು. ಕುಂದರ್ರಿ, ದಂಡಿ ಇನ್ನಾ ಬಂದಿಲ್ಲ."

ದಂಡೆ ಬಂದಿದೆ ಎಂಬುದು ನನ್ನ ವಾದವಾಗಿತ್ತು. ಅದನ್ನು ಸಾಧಿಸಲು ಕಾಲು ಹೊರಗಿಟ್ಟೆ. ಮರುಕ್ಷಣ ನೀರು ಮೂಗಿಗೆ, ಬಾಯಿಗೆ, ಕಿವಿಗೆ ನುಗ್ಗಿತು. ಕೈಕಾಲು ಬಡಿದೆ. ಯಾರೋ ಕುತ್ತಿಗೆಯ ಬಳಿ ಅಂಗಿ ಹಿಡಿದು ನನ್ನನ್ನು ನೇರ ನಿಲ್ಲಿಸಿದರು. ನಿಂತು ನೋಡಿಕೊಂಡೆ. ನೀರು ನನ್ನ ಸೊಂಟದವರೆಗೆ ಇತ್ತು.

ದುರ್ಗಪ್ಪ ನಗಲಿಲ್ಲ. ಟ್ರಂಕನ್ನು ಒಣ ಕಲ್ಲಿನ ಮೇಲಿಟ್ಟು, ಹಿಂದಿರುಗುವ ಜನರನ್ನು ಹತ್ತಿಸಿಕೊಂಡು ಹರಿಗೋಲು ತಿರುಗಿಸಿದ. ಹೀಗೆ ಊರಿನ ಆ ವರ್ಷದ ಮೊದಲನೇ ಈಜುಗಾರನು ಸೊಂಟದುದ್ದ ನೀರಿನಲ್ಲಿ ಮುಳುಗಿ, ಒಂಬತ್ತು ನಂಬರಿನವನಿಂದ ಮೇಲೆತ್ತಲ್ಪಟ್ಟು, ಒದ್ದೆ ಧೋತರದಲ್ಲಿ ಹೊಸಪೇಟೆಯ ದಾರಿ ಹಿಡಿದನು.